ಚೀನಾದಲ್ಲಿ ಓದುತ್ತಾ ಇಂಟರ್ನ್‌ಶಿಪ್: ಏಜೆನ್ಸಿಗೆ ದುಡ್ಡು ಕೊಡಬೇಕಾ?

ಹಾಸನದ ಹೈದ, ಹಾಂಗ್‌ಝೌ

ಎಲ್ಲರಿಗೂ ನಮಸ್ಕಾರ. ನಾನು ಹಾಂಗ್‌ಝೌನಲ್ಲಿ ಇಂಟರ್‌ನ್ಯಾಷನಲ್ ಟ್ರೇಡ್ ಮಾಸ್ಟರ್ಸ್ ಮಾಡುತ್ತಿದ್ದೇನೆ. ಚೀನಾ ಸರ್ಕಾರದ ಸ್ಕಾಲರ್‌ಶಿಪ್ ಇದೆ, ತಿಂಗಳಿಗೆ 3,000 ಯುವಾನ್. ಹೊಟ್ಟೆ ಬಟ್ಟೆಗೆ ಸಾಕು. ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ. ಚೀನೀ ಭಾಷೆಯ ಪರೀಕ್ಷೆ ಎಚ್‌ಎಸ್‌ಕೆ 4 ಮುಗಿದಿದೆ. ಮಾತಾಡುವಾಗ ತಡವರಿಸುತ್ತೇನೆ, ವೀಚಾಟ್‌ನಲ್ಲಿ (ಇಲ್ಲಿನ ವಾಟ್ಸಾಪ್ ಇದ್ದ ಹಾಗೆ) ಬರೆಯುವುದು ಪರವಾಗಿಲ್ಲ.

ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಬೇಕು ಅಂತಿದ್ದೇನೆ. ಸದ್ಯ ಎರಡು ದಾರಿ ಕಾಣುತ್ತಿವೆ. ಒಂದು, ಶಾಂಘೈನ ಏಜೆನ್ಸಿ. 2,000 ಡಾಲರ್ ಕೊಟ್ಟರೆ ಕಂಪನಿ, ರೂಮು, 'ಚೀನೀ ಬಿಸಿನೆಸ್ ಕಲ್ಚರ್' ಕ್ಲಾಸು, ಎಲ್ಲ ಗ್ಯಾರಂಟಿಯಂತೆ. ಇನ್ನೊಂದು, ಪರಿಚಯದವರು ಹೇಳಿದ್ದು. ಶಿಶುವಿಹಾರದಲ್ಲಿ ಇಂಗ್ಲಿಷ್ ಹೇಳಿಕೊಟ್ಟರೆ ಗಂಟೆಗೆ 150 ಯುವಾನ್ ಕೈಗೆ ಕೊಡುತ್ತಾರಂತೆ. ಅನುಭವ ಇರುವವರು ದಾರಿ ತೋರಿಸಿ.

ಬಿಡಿಭಾಗ ಭಟ್ಟ, ಶೆನ್‌ಝೆನ್

ಎರಡನೆಯದನ್ನು ಈಗಲೇ ಬಿಟ್ಟುಬಿಡಿ. ಸ್ಟೂಡೆಂಟ್ ಪರ್ಮಿಟ್ ಇಟ್ಟುಕೊಂಡು ಕಾಸಿಗೆ ಪಾಠ ಹೇಳುವುದು ಅಕ್ರಮ ಕೆಲಸ. 2013ರ ಜುಲೈನಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ದಂಡ 5,000ದಿಂದ 20,000 ಯುವಾನ್. ಗಂಭೀರ ಅನ್ನಿಸಿದರೆ 5ರಿಂದ 15 ದಿನ ಒಳಗೆ ಕೂರಿಸುತ್ತಾರೆ. ಕೆಲಸ ಕೊಟ್ಟವರಿಗೂ ದಂಡ ಇದೆ, ಕೊಡಿಸಿದ ಬ್ರೋಕರ್‌ಗೂ ಇದೆ. ಆದರೆ ಅವರು ದಂಡ ಕಟ್ಟಿ ಅಂಗಡಿ ತೆಗೆಯುತ್ತಾರೆ, ಸ್ಕಾಲರ್‌ಶಿಪ್ ಕಳಕೊಂಡು ಊರಿಗೆ ಬರುವುದು ನೀವು.

ಇಂಟರ್ನ್‌ಶಿಪ್‌ಗೆ ಸರಿಯಾದ ದಾರಿ ಇದೆ, ಕಷ್ಟದ್ದೇನೂ ಅಲ್ಲ. ಮೊದಲು ಕಂಪನಿಯಿಂದ ಪತ್ರ ತೆಗೆದುಕೊಳ್ಳಿ. ಅದನ್ನು ಯೂನಿವರ್ಸಿಟಿಯ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಕೊಡಿ. ಅವರು ಒಪ್ಪಿ ಪತ್ರ ಕೊಡುತ್ತಾರೆ. ಎರಡನ್ನೂ ಹಿಡಿದು ಪೊಲೀಸ್ ಇಲಾಖೆಯ ವಲಸೆ ಕಚೇರಿಗೆ ಹೋಗಬೇಕು. ಅಲ್ಲಿ ನಿಮ್ಮ ರೆಸಿಡೆನ್ಸ್ ಪರ್ಮಿಟ್ ಮೇಲೆ ಇಂಟರ್ನ್‌ಶಿಪ್ ಎಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ ಅಂತ ನಮೂದಿಸುತ್ತಾರೆ. ಆ ಬರಹ ಇಲ್ಲದೆ ಕ್ಯಾಂಪಸ್ಸಿನ ಹೊರಗೆ ಸಂಬಳ ಇಲ್ಲದ ಇಂಟರ್ನ್‌ಶಿಪ್ ಕೂಡ ಮಾಡುವ ಹಾಗಿಲ್ಲ. 'ಸಂಬಳ ತಗೊಳ್ತಿಲ್ವಲ್ಲ, ಏನಾಗುತ್ತೆ' ಅಂತ ಜಾಸ್ತಿ ಹುಡುಗರು ಸಿಕ್ಕಿಬೀಳುವುದು ಇಲ್ಲೇ.

ಎರಡು ಮೂರು ವಾರ ಕೈಯಲ್ಲಿಟ್ಟುಕೊಂಡು ಅರ್ಜಿ ಹಾಕಿ. ಅಷ್ಟು ದಿನ ಪಾಸ್‌ಪೋರ್ಟ್ ಅವರ ಹತ್ತಿರ ಇರುತ್ತದೆ, ಆ ಮಧ್ಯೆ ಊರಿಗೆ ಟಿಕೆಟ್ ತೆಗೆಯಬೇಡಿ. ಶಾಂಘೈಗೆ ರೂಮು ಬದಲಾಯಿಸಿದರೆ 24 ಗಂಟೆಯೊಳಗೆ ಅಲ್ಲಿನ ಠಾಣೆಯಲ್ಲಿ ವಿಳಾಸ ನೋಂದಾಯಿಸಬೇಕು. ಇದನ್ನೂ ಮರೆಯುತ್ತಾರೆ.

ಕೊಡಗಿನ ಕಾಫಿ, ಶಾಂಘೈ

ಭಟ್ಟರು ಹೇಳಿದ್ದು ಸರಿ. ಇನ್ನು ಏಜೆನ್ಸಿ ವಿಷಯ. ನನ್ನ ಜೊತೆ ಓದುತ್ತಿದ್ದವಳೊಬ್ಬಳು ಹೀಗೇ ದುಡ್ಡು ಕಟ್ಟಿದ್ದಳು. ಕೇಳಿದ್ದು ಮಾರ್ಕೆಟಿಂಗ್, ಸಿಕ್ಕಿದ್ದು ಮೂರು ಜನರ ಆಫೀಸಿನಲ್ಲಿ ಇಂಗ್ಲಿಷ್ ಕ್ಯಾಟಲಾಗ್ ತಿದ್ದುವ ಕೆಲಸ. ಪರ್ಮಿಟ್ ಮೇಲೆ ನಮೂದು ಮಾಡಿಸುವ ಮಾತೇ ಎತ್ತಲಿಲ್ಲ. 'ಟೂರಿಸ್ಟ್ ಅಂತ ಹೇಳಿ' ಅಂದರಂತೆ! ಎಲ್ಲ ಏಜೆನ್ಸಿಗಳೂ ಹೀಗೆ ಅನ್ನುವುದಿಲ್ಲ. ಆದರೆ ನೀವು ಆಗಲೇ ಚೀನಾದಲ್ಲಿ ಇದ್ದೀರಿ, ಕಾಲೇಜಿನ ಗುರುತಿದೆ, ಭಾಷೆ ಅಷ್ಟಿಷ್ಟು ಬರುತ್ತದೆ. ಅವರು ಮಾರುವುದೆಲ್ಲ ನಿಮ್ಮ ಹತ್ತಿರ ಈಗಾಗಲೇ ಇದೆಯಲ್ವಾ?

ಯಾವ ಕಂಪನಿಯ ಹೆಸರು ಬಂದರೂ ಮೊದಲು ತಿಯಾನ್‌ಯಾನ್‌ಚಾ ಅಥವಾ ಚಿಚಾಚಾದಲ್ಲಿ ಹುಡುಕಿ, ಎರಡೂ ಕಂಪನಿಗಳ ಮಾಹಿತಿ ಕೊಡುವ ಆ್ಯಪ್‌ಗಳು. ಚೀನೀ ಲಿಪಿಯ ಪೂರ್ತಿ ಹೆಸರು ಕೇಳಿ, ಇಂಗ್ಲಿಷ್ ಹೆಸರಿಗೆ ಅಲ್ಲಿ ಬೆಲೆ ಇಲ್ಲ. ನೋಂದಾಯಿತ ಕಂಪನಿಗೆಲ್ಲ 18 ಅಂಕಿ-ಅಕ್ಷರಗಳ ಒಂದು ಕೋಡ್ ಇರುತ್ತದೆ. ಯಾವಾಗ ಶುರುವಾಯಿತು, ಯಾರ ಹೆಸರಿನಲ್ಲಿದೆ, ಏನು ವ್ಯವಹಾರಕ್ಕೆ ಅನುಮತಿ ಇದೆ, ಕೋರ್ಟ್ ಕೇಸು ಇದೆಯಾ, ಎಲ್ಲ ಕಾಣುತ್ತದೆ. ಏಜೆನ್ಸಿಯನ್ನೂ ಹೀಗೇ ಹುಡುಕಿ ನೋಡಿ, ಮಜಾ ಇರುತ್ತದೆ.

ಹಾಸನದ ಹೈದ, ಹಾಂಗ್‌ಝೌ

ಇಬ್ಬರಿಗೂ ಥ್ಯಾಂಕ್ಸ್. ಹುಡುಕಿ ನೋಡಿದೆ ಅಕ್ಕ, ಏಜೆನ್ಸಿ ಶುರುವಾಗಿದ್ದೇ ಕಳೆದ ವರ್ಷ. ವೆಬ್‌ಸೈಟಿನಲ್ಲಿ 'ಹದಿನೈದು ವರ್ಷದ ಅನುಭವ' ಅಂತಿದೆ. ಸರಿ, ಅದು ಬೇಡ. ಹಾಗಾದರೆ ಕಂಪನಿ ಹುಡುಕುವುದು ಎಲ್ಲಿ? ಲಿಂಕ್ಡ್‌ಇನ್‌ನಲ್ಲಿ ಏನೂ ಸಿಗುತ್ತಿಲ್ಲ.

ಕೊಡಗಿನ ಕಾಫಿ, ಶಾಂಘೈ

ಸಿಗುವುದಿಲ್ಲ. ಲಿಂಕ್ಡ್‌ಇನ್ ಚೀನಾದ ತನ್ನ ಆವೃತ್ತಿಯನ್ನು ಮುಚ್ಚುತ್ತೇನೆ ಅಂತ 2021ರಲ್ಲೇ ಹೇಳಿತು. ಬದಲಿಗೆ ತಂದ ಉದ್ಯೋಗದ ಆ್ಯಪ್ ಕೂಡ 2023ರ ಆಗಸ್ಟ್‌ನಲ್ಲಿ ನಿಂತಿತು. ಇಲ್ಲಿನವರು ನೋಡುವುದು ಬಾಸ್ ಝಿಪಿನ್. ಇಂಟರ್ನ್‌ಶಿಪ್‌ಗೇ ಅಂತ ಶಿಶಿಸೆಂಗ್ ಇದೆ. ಬಾಸ್ ಝಿಪಿನ್‌ನಲ್ಲಿ ಅರ್ಜಿ ಹಾಕಿ ಕಾಯುವ ಪದ್ಧತಿ ಇಲ್ಲ. ಕೆಲಸ ಕೊಡುವವರ ಜೊತೆ ನೇರ ಚಾಟ್. ಮೊದಲ ಎರಡು ಸಾಲಿನಲ್ಲೇ ನಿರ್ಧಾರ ಆಗಿಬಿಡುತ್ತದೆ. 'ನಮಸ್ಕಾರ, ನಾನು ಆಸಕ್ತ ವಿದ್ಯಾರ್ಥಿ' ಅಂತ ಬರೆದರೆ ಓದಿ ಸುಮ್ಮನಾಗುತ್ತಾರೆ. ಭಾರತದವನು, ಹಿಂದಿ, ಇಂಗ್ಲಿಷ್, ಕನ್ನಡ ಬರುತ್ತದೆ, ವಾರಕ್ಕೆ ಐದು ದಿನ ಬರುತ್ತೇನೆ, ಜುಲೈ ಆಗಸ್ಟ್ ಎರಡೂ ತಿಂಗಳು ಇರುತ್ತೇನೆ, ಯೂನಿವರ್ಸಿಟಿ ಒಪ್ಪಿಗೆ ನಾನೇ ಮಾಡಿಸುತ್ತೇನೆ ಅಂತ ಬರೆಯಿರಿ. ಕೊನೆಯ ಮಾತು ಮುಖ್ಯ. ವಿದೇಶಿಯನ್ನು ತೆಗೆದುಕೊಂಡರೆ ಕಾಗದದ ತಲೆನೋವು ಅಂತಲೇ ಎಚ್‌ಆರ್‌ನವರು ಹಿಂದೆ ಸರಿಯುವುದು.

ಪೈಪೋಟಿ ಹೇಗಿದೆ ಅಂತಲೂ ತಿಳಿದಿರಲಿ. 2025ರಲ್ಲಿ ಚೀನಾದ ಕಾಲೇಜುಗಳಿಂದ ಹೊರಬಂದವರು 1 ಕೋಟಿ 22 ಲಕ್ಷ ಜನ. ದೊಡ್ಡ ಕಂಪನಿಯ ಒಂದು ಇಂಟರ್ನ್ ಸೀಟಿಗೂ ಅವರೆಲ್ಲ ಮುಗಿಬೀಳುತ್ತಾರೆ. ಅಲ್ಲಿ ಅವರ ಭಾಷೆಯಲ್ಲಿ ಅವರ ಜೊತೆ ಗುದ್ದಾಡುವುದು ಸುಮ್ನೆ ಶ್ರಮ. ಭಾರತಕ್ಕೆ ಮಾಲು ಮಾರುವ ಮಧ್ಯಮ ಗಾತ್ರದ ಕಂಪನಿ ಹುಡುಕಿ. ಬೇಸಿಗೆ ಇಂಟರ್ನ್‌ಗಳ ಆಯ್ಕೆ ಜೋರಾಗಿ ನಡೆಯುವುದು ಮಾರ್ಚ್‌ನಿಂದ ಮೇ. ಜೂನ್ ಕೊನೆಯಲ್ಲಿ ಎದ್ದರೆ ಉಳಿದಿದ್ದೇ ಗತಿ.

ಬಳೆಪೇಟೆ ಬಾಬು, ಯಿವು

ಹಾಂಗ್‌ಝೌನಲ್ಲಿ ಇದ್ದುಕೊಂಡು ಆ್ಯಪ್ ಯಾಕೆ ಒತ್ತುತ್ತಾ ಕೂರುತ್ತೀರಿ ತಮ್ಮಾ? ಹೈಸ್ಪೀಡ್ ರೈಲಿನಲ್ಲಿ ಒಂದು ಗಂಟೆಯೊಳಗೆ ಯಿವು ಬರುತ್ತದೆ. ಇಲ್ಲಿನ ಸಗಟು ಮಾರುಕಟ್ಟೆಯಲ್ಲಿ 75,000ಕ್ಕೂ ಜಾಸ್ತಿ ಅಂಗಡಿ. ಬಳೆ, ಬಟನ್, ಆಟಿಕೆ, ದೀಪಾವಳಿ ಸೀರಿಯಲ್ ಸೆಟ್, ಗಣೇಶನ ಮೂರ್ತಿ ಕೂಡ. ಭಾರತದ ವ್ಯಾಪಾರಿಗಳು ತುಂಬಾ ಜನ ಇದ್ದೇವೆ. ಬಟ್ಟೆ ವ್ಯವಹಾರ ಬೇಕಾದರೆ ಶಾವೊಶಿಂಗ್‌ನ ಕೆಚಿಯಾವೊ ಇನ್ನೂ ಹತ್ತಿರ, ಅಲ್ಲೂ ನಮ್ಮವರ ದಂಡೇ ಇದೆ.

ಇಲ್ಲಿ ವ್ಯವಹಾರ ಹೇಗೆ ನಡೆಯುತ್ತದೆ ಅಂತ ಒಂದು ದಿನ ನಿಂತು ನೋಡಿ. ಅಂಗಡಿ ಅಂದರೆ ಒಂದು ಸಣ್ಣ ರೂಮು, ನಾಲ್ಕು ಗೋಡೆಗೂ ಸ್ಯಾಂಪಲ್. ಮಾಲಕಿ ಮಗುವಿಗೆ ಹೋಮ್‌ವರ್ಕ್ ಮಾಡಿಸುತ್ತಾ ಕೂತಿರುತ್ತಾಳೆ. ರೇಟು ಕೇಳಿದರೆ ಬಾಯಲ್ಲಿ ಹೇಳುವುದಿಲ್ಲ, ಕ್ಯಾಲ್ಕುಲೇಟರ್ ಒತ್ತಿ ನಿಮ್ಮ ಕಡೆ ತಿರುಗಿಸುತ್ತಾಳೆ. ನೀವು ಅದನ್ನೇ ತೆಗೆದುಕೊಂಡು ನಿಮ್ಮ ರೇಟು ಒತ್ತುತ್ತೀರಿ. ಆಕೆ ನಗುತ್ತಾಳೆ, 'ಎಷ್ಟು ಕಾರ್ಟನ್?' ಅಂತಾಳೆ. ಆಟ ಶುರುವಾಗುವುದು ಅಲ್ಲಿಂದ. ಒಂದು ಕಾರ್ಟನ್‌ಗೆ ಚೌಕಾಸಿ ಮಾಡಿದರೆ ಮರ್ಯಾದೆಯಾಗಿ ನೀರು ಕೊಟ್ಟು ಕಳಿಸುತ್ತಾಳೆ. ಹತ್ತು ಕಾರ್ಟನ್ ಅಂದರೆ ಕೂರಿಸಿ ಟೀ ಕೊಡುತ್ತಾಳೆ. ಮೂರನೇ ಸಲ ಅದೇ ಅಂಗಡಿಗೆ ಹೋದರೆ, ಕೇಳುವ ಮೊದಲೇ ರೇಟು ಇಳಿದಿರುತ್ತದೆ. ಹಳೆ ಗಿರಾಕಿಗೆ ಸಾಲಕ್ಕೂ ಮಾಲು ಬಿಡುತ್ತಾರೆ. ಯಾವ ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ ಇದನ್ನ?

ಇಲ್ಲಿನ ಟ್ರೇಡಿಂಗ್ ಕಂಪನಿಗಳಿಗೆ ಭಾರತದ ಗಿರಾಕಿಗಳ ಮೆಸೇಜಿಗೆ ಉತ್ತರ ಕೊಡುವವರು, ಗೋಡೌನಿನಲ್ಲಿ ಮಾಲು ಎಣಿಸಿ ಫೋಟೊ ತೆಗೆಯುವವರು ಯಾವಾಗಲೂ ಬೇಕು. ದೊಡ್ಡ ಹೆಸರು ಇಲ್ಲ, ಕಲಿಯುವುದು ಬೇಕಾದಷ್ಟಿದೆ. ನಮೂದಿನ ಪತ್ರ ಕೊಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ, ಸಣ್ಣವರು ಕೆಲವರು ಅದಕ್ಕೆ ಹಿಂಜರಿಯುತ್ತಾರೆ.

ಜಯನಗರ 4ನೇ ಬ್ಲಾಕ್, ಬೆಂಗಳೂರು

ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಬೆಂಗಳೂರಿನಲ್ಲೇ ಎಂಬಿಎ ಓದುತ್ತಿದ್ದೇನೆ. ಈಗ ನೇರ ವಿಮಾನ ಮತ್ತೆ ಶುರುವಾಗಿದೆಯಲ್ಲ, ಇಲ್ಲಿಂದಲೇ ಎರಡು ತಿಂಗಳಿಗೆ ಬಂದು ಮಾಡಬಹುದಾ?

ಬಿಡಿಭಾಗ ಭಟ್ಟ, ಶೆನ್‌ಝೆನ್

2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತಾ-ಗುವಾಂಗ್‌ಝೌ ವಿಮಾನ ಶುರುವಾಗಿದ್ದು ನಿಜ. ಆದರೆ ಟೂರಿಸ್ಟ್ ವೀಸಾದಲ್ಲಿ ಇಂಟರ್ನ್‌ಶಿಪ್ ಆಗುವುದಿಲ್ಲ, ಬಿಸಿನೆಸ್ ವೀಸಾದಲ್ಲೂ ಆಗುವುದಿಲ್ಲ. ಹೆಸರಾಂತ ಚೀನೀ ಸಂಸ್ಥೆ ಕರೆದರೆ ಹೊರದೇಶದ ವಿದ್ಯಾರ್ಥಿಗೂ ಇಂಟರ್ನ್‌ಶಿಪ್ ವೀಸಾ ಕೊಡುವ ನಿಯಮ 2019ರ ಆಗಸ್ಟ್‌ನಲ್ಲಿ ಬಂತು. ಹಾಗೆ ಕರೆಯುವ ಕಂಪನಿ ಸಿಗುವುದೇ ಕಷ್ಟ. ನಿಮ್ಮ ಕಾಲೇಜಿಗೂ ಚೀನಾದ ಕಾಲೇಜಿಗೂ ವಿನಿಮಯ ಒಪ್ಪಂದ ಇದ್ದರೆ ಒಂದು ಸೆಮಿಸ್ಟರ್ ಆ ದಾರಿಯಲ್ಲಿ ಬನ್ನಿ.

ದಾವಣಗೆರೆ ಅಪ್ಪ

ನನ್ನ ಮಗಳು ಅಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ನೀವು ಹೇಳುತ್ತಿರುವ ಇಂಟರ್ನ್‌ಶಿಪ್ ನಿಯಮ ಅವಳಿಗೂ ಅನ್ವಯ ಆಗುತ್ತದಾ? ಕೊನೆ ವರ್ಷದ್ದನ್ನು ದಾವಣಗೆರೆಯಲ್ಲೇ ಮಾಡಬಹುದಾ?

ಕೊಡಗಿನ ಕಾಫಿ, ಶಾಂಘೈ

ಅದು ಬೇರೆ ಲೆಕ್ಕ ಸರ್, ದಯವಿಟ್ಟು ಎರಡನ್ನೂ ಸೇರಿಸಬೇಡಿ. ಭಾರತದ ವೈದ್ಯಕೀಯ ಆಯೋಗದ (ಎನ್‌ಎಂಸಿ) 2021ರ ನಿಯಮದ ಪ್ರಕಾರ 54 ತಿಂಗಳ ಕೋರ್ಸು, ಜೊತೆಗೆ 12 ತಿಂಗಳ ಇಂಟರ್ನ್‌ಶಿಪ್, ಎರಡೂ ಅದೇ ವಿದೇಶಿ ಸಂಸ್ಥೆಯಲ್ಲೇ ಆಗಬೇಕು. ಭಾರತಕ್ಕೆ ಬಂದ ಮೇಲೆ ಇನ್ನೊಂದು 12 ತಿಂಗಳು ಅಲ್ಲಿ. ಮಗಳಿಗೆ ಚೀನೀ ಭಾಷೆ ಚೆನ್ನಾಗಿ ಕಲಿಯಲು ಹೇಳಿ. ಪಾಠ ಇಂಗ್ಲಿಷಿನಲ್ಲಿದ್ದರೂ ವಾರ್ಡಿನಲ್ಲಿರುವ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ.

ಹಾಸನದ ಹೈದ, ಹಾಂಗ್‌ಝೌ

ಬಾಬಣ್ಣ, ಶನಿವಾರ ಯಿವುಗೆ ಬರುತ್ತೇನೆ. ಇನ್ನು ಕಲ್ಚರ್ ವಿಷಯ. ವಿಸಿಟಿಂಗ್ ಕಾರ್ಡ್ ಎರಡೂ ಕೈಯಲ್ಲಿ ಕೊಡಬೇಕು, ಗಡಿಯಾರ ಉಡುಗೊರೆ ಕೊಡಬಾರದು, ನಾಲ್ಕು ಅಶುಭ, ಎಂಟು ಶುಭ ಅಂತೆಲ್ಲ ಓದಿದೆ. ಇಷ್ಟು ಸಾಕಾ?

ಬಿಡಿಭಾಗ ಭಟ್ಟ, ಶೆನ್‌ಝೆನ್

ಅದೆಲ್ಲ ಸುಳ್ಳಲ್ಲ. ಆದರೆ ಇಂಟರ್ನ್ ಹುಡುಗ ಯಾರಿಗೆ ಗಡಿಯಾರ ಕೊಡಲು ಹೋಗುತ್ತಾನೆ? ಕಾರ್ಡಿನ ಜಾಗಕ್ಕೆ ವೀಚಾಟ್ ಕ್ಯೂಆರ್ ಬಂದು ಎಷ್ಟೋ ಕಾಲ ಆಯಿತು. ಚಿಕ್ಕವರು ದೊಡ್ಡವರ ಕೋಡ್ ಸ್ಕ್ಯಾನ್ ಮಾಡುತ್ತಾರೆ. ಸ್ಕ್ಯಾನ್ ಆದ ಕೂಡಲೇ ಹೆಸರು, ಕಾಲೇಜು, ಎಲ್ಲಿ ಭೇಟಿಯಾದೆವು ಅಂತ ಒಂದು ಸಾಲು ಕಳಿಸಿ. ಇಲ್ಲದಿದ್ದರೆ ಸಾವಿರ ಕಾಂಟ್ಯಾಕ್ಟ್‌ನಲ್ಲಿ ನೀವು ಪ್ರೊಫೈಲಿನ ಒಂದು ಬೆಕ್ಕಿನ ಫೋಟೊ ಅಷ್ಟೆ.

ನಿಜವಾದ ಪಾಠ ಆಫೀಸಿನ ಗ್ರೂಪಿನಲ್ಲಿ ನಡೆಯುತ್ತದೆ. ನಮ್ಮ ಮ್ಯಾನೇಜರ್ ರಾತ್ರಿ ಒಂಬತ್ತೂವರೆಗೆ ಬರೆಯುತ್ತಾರೆ: 'ನಾಳೆ ಎಂಟಕ್ಕೆ ಡೊಂಗ್‌ಗುವಾನ್ ಫ್ಯಾಕ್ಟರಿಗೆ ಹೊರಡುವುದು.' ಎರಡೇ ನಿಮಿಷದಲ್ಲಿ ಕೆಳಗೆ ಸಾಲಾಗಿ 'ಶೌದಾವ್', 'ಶೌದಾವ್', 'ಶೌದಾವ್'. ಸಿಕ್ಕಿತು ಅಂತ ಅರ್ಥ. ಅಕೌಂಟೆಂಟ್ ಹಾಕುತ್ತಾರೆ, ಡ್ರೈವರ್ ಹಾಕುತ್ತಾರೆ. ಹೊಸ ಇಂಟರ್ನ್, ಫ್ರಾನ್ಸಿನ ಹುಡುಗ, 'ಬೆಳಿಗ್ಗೆ ನೋಡಿದರಾಯಿತು' ಅಂತ ಸುಮ್ಮನಿದ್ದ. ಆಫೀಸಿನ ಗ್ರೂಪ್ ಇರುವ ಆ್ಯಪ್ ಡಿಂಗ್‌ಟಾಕ್‌ನಲ್ಲಿ ಯಾರು ಓದಿದರು, ಯಾರು ಓದಿಲ್ಲ ಅಂತ ಹೆಸರು ಸಮೇತ ಕಾಣುತ್ತದೆ. ಬೆಳಿಗ್ಗೆ ಯಾರೂ ಅವನಿಗೆ ಬೈಯಲಿಲ್ಲ. ಆದರೆ ಮುಂದಿನ ಫ್ಯಾಕ್ಟರಿ ಭೇಟಿಗೆ ಅವನನ್ನು ಕರೆಯಲೂ ಇಲ್ಲ. ಬೈಗುಳಕ್ಕಿಂತ ಇದು ಅಪಾಯ. ಏನು ತಪ್ಪಾಯಿತು ಅಂತ ಯಾರೂ ಹೇಳುವುದಿಲ್ಲ.

ಇನ್ನೊಂದು. ಮೀಟಿಂಗ್‌ನಲ್ಲಿ ಡೈರೆಕ್ಟರ್ ಹಾಕಿದ ಲೆಕ್ಕದಲ್ಲಿ ತಪ್ಪು ಕಂಡಿತು ಅನ್ನಿ. ಗಿರಾಕಿ ಎದುರಿಗಿದ್ದಾನೆ. ಅಲ್ಲೇ ಕೈ ಎತ್ತಬೇಡಿ. ನಿಮ್ಮ ಮೇಲಿನವರಿಗೆ ವೀಚಾಟ್‌ನಲ್ಲಿ 'ಆರನೇ ಸಾಲಿನ ಸಾಗಣೆ ದರ ಒಮ್ಮೆ ನೋಡುತ್ತೀರಾ' ಅಂತ ಕಳಿಸಿ. ಮುಂದಿನದು ಅವರ ಕೆಲಸ. ಒಳಗೊಳಗೇ ನಿಮ್ಮ ಹೆಸರು ಬೆಳೆಯುತ್ತದೆ.

ಸುಳ್ಯದ ಸಂದೇಹಿ, ಮಂಗಳೂರು

ಇದರಲ್ಲಿ ಚೀನಾದ್ದು ಅಂತ ವಿಶೇಷ ಏನಿದೆ? ನಮ್ಮಲ್ಲೂ ದೊಡ್ಡವರ ಎದುರು ತಪ್ಪು ಎತ್ತಿ ತೋರಿಸುವುದಿಲ್ಲ. ಪರಿಚಯ ಇದ್ದರೆ ಕೆಲಸ ಆಗುತ್ತದೆ, ನಮ್ಮಲ್ಲೂ ಅಷ್ಟೆ. ಕಲ್ಚರ್ ಅಂತ ದೊಡ್ಡ ಹೆಸರಿಟ್ಟು ಜನರನ್ನು ಹೆದರಿಸುತ್ತಾರೆ ಅನ್ನಿಸುತ್ತದೆ.

ಕೊಡಗಿನ ಕಾಫಿ, ಶಾಂಘೈ

ಅರ್ಧ ಒಪ್ಪುತ್ತೇನೆ. ಅಮೆರಿಕದವರಿಗೆ ಹೊಸದು ಅನ್ನಿಸುವ ಅರ್ಧ ವಿಷಯ ನಮಗೆ ಹೇಳಿಕೊಡಬೇಕಾಗಿಲ್ಲ. 'ನೋಡೋಣ' ಅಂದರೆ ಆಗುವುದಿಲ್ಲ ಅಂತ ನಮಗೆ ಗೊತ್ತು. ವ್ಯತ್ಯಾಸ ಇರುವುದು ಪರಿಚಯ ಮಾಡಿಸಿದ ನಂತರ. ನಮ್ಮಲ್ಲಿ ಮಾವನ ಸ್ನೇಹಿತರು ಒಂದು ಫೋನ್ ಮಾಡಿ ಮರೆತುಬಿಡುತ್ತಾರೆ. ಇಲ್ಲಿ ಪ್ರೊಫೆಸರ್ ಒಬ್ಬರು ಕಂಪನಿಗೆ ನಿಮ್ಮನ್ನು ಕಳಿಸಿದರೆ ನಿಮ್ಮ ಹೊಣೆ ಪೂರ್ತಿ ಅವರದ್ದು. ನೀವು ಮೂರು ವಾರಕ್ಕೆ ಬಿಟ್ಟು ಬಂದರೆ ಅವರ ಮುಂದಿನ ವಿದ್ಯಾರ್ಥಿಗೆ ಆ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ಆದ್ದರಿಂದ ಅವರು ಸುಲಭಕ್ಕೆ ಪರಿಚಯ ಮಾಡಿಸುವುದಿಲ್ಲ. ಮಾಡಿಸಿದರೆ ಇಂಟರ್‌ವ್ಯೂ ಹೆಸರಿಗಷ್ಟೇ.

ಹೈದ, ನಿಮ್ಮ ಗೈಡ್ ಜೊತೆ ಎಷ್ಟು ಮಾತಾಡಿದ್ದೀರಿ? ವಿದೇಶಿ ವಿದ್ಯಾರ್ಥಿಗಳು ಗೈಡನ್ನು ಸಹಿಗೆ ಮಾತ್ರ ನೋಡುತ್ತಾರೆ. ಲ್ಯಾಬಿನ ಚೀನೀ ಸೀನಿಯರ್‌ಗಳನ್ನೂ ಕೇಳಿ. ಕಳೆದ ವರ್ಷ ಅವರು ಇಂಟರ್ನ್ ಆಗಿದ್ದ ಕಂಪನಿಗೆ ಅವರೇ ನಿಮ್ಮ ರೆಸ್ಯೂಮೆ ಕಳಿಸಿದರೆ, ಆ್ಯಪ್‌ನಲ್ಲಿ ನೂರು ಚಾಟ್ ಮಾಡುವುದಕ್ಕಿಂತ ಮೇಲು.

ಉಡುಪಿ ಹುಡುಗಿ, ಗುವಾಂಗ್‌ಝೌ

ಊಟದ ಬಗ್ಗೆ ಯಾರೂ ಬರೆದಿಲ್ಲ! ನಾನು ಶುದ್ಧ ಸಸ್ಯಾಹಾರಿ, ಕುಡಿಯುವುದೂ ಇಲ್ಲ. ಗಿರಾಕಿಗಳ ಜೊತೆ ಊಟಕ್ಕೆ ಕರೆದಾಗ ಮೊದಮೊದಲು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನಮ್ಮ ಟೀಮಿನ ಅಕ್ಕ ಹೇಳಿದಳು: ನೀನು ಏನು ತಿನ್ನುತ್ತೀ ಅಂತ ಯಾರೂ ನೋಡುವುದಿಲ್ಲ, ಬಂದೆಯಾ ಇಲ್ಲವಾ ಅಂತ ನೋಡುತ್ತಾರೆ.

ಈಗ ಹೋಗುತ್ತೇನೆ. ದುಂಡು ಮೇಜು. ಬಾಗಿಲಿಗೆ ಮುಖ ಮಾಡಿದ ಕುರ್ಚಿ ಮುಖ್ಯವಾದವರಿಗೆ. ಇಂಟರ್ನ್ ಜಾಗ ಬಾಗಿಲ ಹತ್ತಿರ, ತಟ್ಟೆ ಬರುವ ಕಡೆ. ಕೂರಿ ಅನ್ನುವವರೆಗೆ ಕೂರಬೇಡಿ. ಬೈಜಿಯು ಅನ್ನುವ ಸಾರಾಯಿಯಲ್ಲಿ ಆಲ್ಕೋಹಾಲ್ ಹೆಚ್ಚಾಗಿ ಶೇಕಡಾ 50ಕ್ಕೂ ಮೇಲಿರುತ್ತದೆ, ಕುಡಿಯುವವರೂ ಹುಷಾರು. ಕುಡಿಯದವರು ಟೀ ಲೋಟವನ್ನೇ ಎತ್ತಬಹುದು, ಅದಕ್ಕೆ ಇಲ್ಲಿ ಹಳೆಯ ರೂಢಿಯೇ ಇದೆ. ಎತ್ತುವಾಗ ನಿಮ್ಮ ಲೋಟದ ಅಂಚು ಹಿರಿಯರ ಲೋಟಕ್ಕಿಂತ ಸ್ವಲ್ಪ ಕೆಳಗಿರಲಿ. ಮೊದಲ ಸುತ್ತಿನಲ್ಲೇ ಕುಡಿಯುವುದಿಲ್ಲ ಅಂತ ಹೇಳಿಬಿಡಿ. ಎರಡು ಕುಡಿದು ಮೂರನೆಯದಕ್ಕೆ ಬೇಡ ಅಂದರೆ ಬಿಡುವುದಿಲ್ಲ. ನಮ್ಮ ಗುವಾಂಗ್‌ಡಾಂಗ್ ಕಡೆ ಯಾರಾದರೂ ಟೀ ಸುರಿದರೆ ಎರಡು ಬೆರಳಿಂದ ಮೇಜನ್ನು ಮೆಲ್ಲಗೆ ತಟ್ಟುತ್ತಾರೆ, ಅದೇ ಥ್ಯಾಂಕ್ಸ್.

ಸಸ್ಯಾಹಾರಿ ಅಂದರೆ 'ಮಾಂಸದ ತುಂಡು ತೆಗೆದಿದ್ದೇವಲ್ಲ' ಅಂತಾರೆ. ಬೌದ್ಧರ ಹಾಗೆ ಅಂದರೆ ತಕ್ಷಣ ಗೊತ್ತಾಗುತ್ತದೆ. ಆದರೂ ಸೊಪ್ಪಿನ ಪಲ್ಯಕ್ಕೆ ಹಂದಿ ಕೊಬ್ಬು, ಕೋಳಿ ಸಾರು ಹಾಕಿರಬಹುದು. ಮೊದಲೇ ಒಬ್ಬರಿಗೆ ಹೇಳಿಟ್ಟರೆ ಆರ್ಡರ್ ಮಾಡುವಾಗ ಅವರೇ ನೋಡಿಕೊಳ್ಳುತ್ತಾರೆ.

ಬಳೆಪೇಟೆ ಬಾಬು, ಯಿವು

ಉಡುಪಿ ತಂಗಿ, ಕ್ಯಾಂಟನ್ ಮೇಳದ ಬಗ್ಗೆಯೂ ಹೇಳಿ. ನಿಮ್ಮೂರಲ್ಲೇ ಅಲ್ವಾ.

ಉಡುಪಿ ಹುಡುಗಿ, ಗುವಾಂಗ್‌ಝೌ

ಹೌದಲ್ಲ! 1957ರಿಂದ ನಡೆಯುತ್ತಿರುವ ರಫ್ತು ವ್ಯಾಪಾರದ ಮೇಳ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಮಧ್ಯದಿಂದ ಮತ್ತೆ ಅಕ್ಟೋಬರ್ ಮಧ್ಯದಿಂದ, ಮೂರು ಹಂತಗಳಲ್ಲಿ. ಕಂಪನಿಗಳಿಗೆ ದುಭಾಷಿಗಳು ಬೇಕಾಗುತ್ತಾರೆ. ದುಡ್ಡು ತೆಗೆದುಕೊಂಡು ಮಾಡಿದರೆ ಅದಕ್ಕೂ ಅನುಮತಿ ಬೇಕು, ಭಟ್ಟರು ಬೈಯುವ ಮೊದಲೇ ಹೇಳಿಬಿಡುತ್ತೇನೆ. ಆದರೆ ಸುಮ್ನೆ ಸುತ್ತಾಡಲು ಹೋದರೂ ಲಾಭವೇ. ಇಂಡಿಯಾಗೆ ಕಳಿಸುತ್ತೀರಾ ಅಂತ ಸ್ಟಾಲ್ ಸ್ಟಾಲಿಗೆ ಕೇಳಿ. ಹೌದು ಅಂದವರ ಎಕ್ಸ್‌ಪೋರ್ಟ್ ಮ್ಯಾನೇಜರ್ ವೀಚಾಟ್ ಇಟ್ಟುಕೊಳ್ಳಿ. ನನಗೆ ಇಂಟರ್ನ್‌ಶಿಪ್ ಸಿಕ್ಕಿದ್ದು ಹಾಗೇ, ಗ್ರೈಂಡರ್ ಮೋಟಾರ್ ಮಾಡುವವರ ಹತ್ತಿರ.

ಜಯನಗರ 4ನೇ ಬ್ಲಾಕ್, ಬೆಂಗಳೂರು

996 ಅಂತಾರಲ್ಲ, ಇಂಟರ್ನ್‌ಗಳಿಗೂ ಹಾಗೇನಾ? ಸಂಬಳ ಎಷ್ಟಿರುತ್ತದೆ?

ಬಿಡಿಭಾಗ ಭಟ್ಟ, ಶೆನ್‌ಝೆನ್

ಬೆಳಿಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ. ಅದು ಕಾನೂನುಬಾಹಿರ ಅಂತ ಸುಪ್ರೀಂ ಪೀಪಲ್ಸ್ ಕೋರ್ಟ್ 2021ರ ಆಗಸ್ಟ್‌ನಲ್ಲಿ ಸ್ಪಷ್ಟ ಮಾಡಿದೆ. ನಿಂತುಹೋಗಿದೆಯಾ ಅಂದರೆ ಇಲ್ಲ. ವಿದೇಶಿ ಇಂಟರ್ನ್‌ಗಳನ್ನು ಸಾಮಾನ್ಯವಾಗಿ ಏಳಕ್ಕೆ ಬಿಡುತ್ತಾರೆ. ಮಧ್ಯಾಹ್ನ ಊಟ ಆದ ಮೇಲೆ ಲೈಟ್ ಆರಿಸಿ ಮಡಚುವ ಮಂಚ ಹಾಕಿ ಒಂದು ನಿದ್ದೆ ತೆಗೆಯುತ್ತಾರೆ, ಆಗ ಫೋನಿನಲ್ಲಿ ಮಾತಾಡಬೇಡಿ. ಹಬ್ಬದ ದೀರ್ಘ ರಜೆ ಇದ್ದರೆ ಅದಕ್ಕೆ ಬದಲಾಗಿ ಹಿಂದೆ ಮುಂದೆ ಶನಿವಾರವೋ ಭಾನುವಾರವೋ ಕೆಲಸ ಇರಬಹುದು, ಕ್ಯಾಲೆಂಡರ್ ನೋಡಿಕೊಳ್ಳಿ.

ಸಂಬಳ ದಿನದ ಲೆಕ್ಕ. ನಮ್ಮಲ್ಲಿ ದಿನಕ್ಕೆ 150 ಯುವಾನ್ ಕೊಡುತ್ತಾರೆ. ಶೆನ್‌ಝೆನ್ ಬಾಡಿಗೆಗೆ ಅದು ಏನೇನೂ ಅಲ್ಲ. ಓದುವಾಗಲೇ ಮಾಡುವ ಇಂಟರ್ನ್‌ಶಿಪ್‌ಗೆ ಪೂರ್ತಿ ನೌಕರರ ರಕ್ಷಣೆ ಸಿಗುವುದಿಲ್ಲ. ಆದ್ದರಿಂದ ದಿನದ ಸಂಬಳ, ಕೆಲಸದ ಹೊತ್ತು, ಅಪಘಾತ ಆದರೆ ವಿಮೆ ಯಾರದ್ದು, ಇದೆಲ್ಲ ಒಪ್ಪಂದದಲ್ಲಿ ಬರೆಸಿಕೊಳ್ಳಿ.

ಹಾಸನದ ಹೈದ, ಹಾಂಗ್‌ಝೌ

ಸುದ್ದಿ ಇದೆ. ಗೈಡ್ ಹತ್ತಿರ ಮಾತಾಡಿದೆ. ಅವರ ಹಳೇ ವಿದ್ಯಾರ್ಥಿಯೊಬ್ಬರು ಇಲ್ಲೇ ಹಾಂಗ್‌ಝೌನಲ್ಲಿ ಹೊಲಿಗೆ ಯಂತ್ರದ ಬಿಡಿಭಾಗ ರಫ್ತು ಮಾಡುತ್ತಾರಂತೆ, ತಿರುಪ್ಪೂರು, ಬೆಂಗಳೂರಿನ ಗಾರ್ಮೆಂಟ್‌ನವರೇ ಗಿರಾಕಿಗಳು. ಅವರ ಆಫೀಸಿಗೆ ಹೋಗಿ ಬಂದೆ. ನಿನ್ನೆ ಆಫರ್ ಕಳಿಸಿದ್ದಾರೆ, ವೀಚಾಟ್‌ನಲ್ಲಿ ಪಿಡಿಎಫ್. ಕೆಳಗೆ ಮ್ಯಾನೇಜರ್ ಸಹಿ ಇದೆ. ಇದನ್ನೇ ಯೂನಿವರ್ಸಿಟಿಗೆ ಕೊಡಬಹುದಾ? ಇನ್ನೊಂದು ಪ್ರಶ್ನೆ, ಕೋರ್ಸ್ ಮುಗಿದ ಮೇಲೆ ಅಲ್ಲೇ ಕೆಲಸಕ್ಕೆ ಸೇರಬಹುದಾ?

ಬಿಡಿಭಾಗ ಭಟ್ಟ, ಶೆನ್‌ಝೆನ್

ಭೇಷ್! ಆದರೆ ಬರೀ ಸಹಿ ಸಾಲದು. ಕಂಪನಿಯ ಕೆಂಪು ದುಂಡು ಮುದ್ರೆ ಬೇಕು. ಇಲ್ಲಿ ಸಹಿಗಿಂತ ಮುದ್ರೆಯ ತೂಕ ಜಾಸ್ತಿ. ಅದು ಪೊಲೀಸರಲ್ಲಿ ದಾಖಲಾಗಿರುತ್ತದೆ, ಆಫೀಸಿನಲ್ಲಿ ಒಬ್ಬರ ಬೀಗದಲ್ಲಿ ಇರುತ್ತದೆ. ಮುದ್ರೆಯೊಳಗಿನ ಹೆಸರು, ತಿಯಾನ್‌ಯಾನ್‌ಚಾದಲ್ಲಿ ಇರುವ ಹೆಸರು, ಒಪ್ಪಂದದಲ್ಲಿರುವ ಹೆಸರು, ಮೂರೂ ಅಕ್ಷರಕ್ಕೆ ಅಕ್ಷರ ಕೂಡಬೇಕು. ಮುದ್ರೆ ಹಾಕಿದ ಮೂಲ ಪ್ರತಿ ಎರಡು ಕೇಳಿ. ಒಂದು ಯೂನಿವರ್ಸಿಟಿಗೆ, ಒಂದು ವಲಸೆ ಕಚೇರಿಗೆ. ಕೇಳುವಾಗ ಮ್ಯಾನೇಜರ್ ಸಹಿ ಮೇಲೆ ಅನುಮಾನ ಅನ್ನುವ ಹಾಗೆ ಕೇಳಬೇಡಿ. 'ಯೂನಿವರ್ಸಿಟಿಯವರು ಮುದ್ರೆ ಬೇಕು ಅನ್ನುತ್ತಿದ್ದಾರೆ' ಅನ್ನಿ. ಮುಗಿಸಿ ಬರುವ ದಿನ ಅನುಭವ ಪತ್ರಕ್ಕೂ ಅದೇ ಮುದ್ರೆ ಹಾಕಿಸಿಕೊಳ್ಳಿ. ಆಮೇಲೆ ಕೊರಿಯರ್ ಮಾಡುತ್ತೇವೆ ಅಂದರೆ ಅಲ್ಲೇ ಕೂತು ಕಾಯಿರಿ.

ಕೆಲಸದ ಪ್ರಶ್ನೆಗೆ: ಸಾಮಾನ್ಯವಾಗಿ ವರ್ಕ್ ಪರ್ಮಿಟ್‌ಗೆ ಎರಡು ವರ್ಷದ ಅನುಭವ ಕೇಳುತ್ತಾರೆ. ಚೀನಾದಲ್ಲೇ ಮಾಸ್ಟರ್ಸ್ ಮುಗಿಸಿದವರಿಗೆ 2017ರಿಂದ ಅದರಲ್ಲಿ ವಿನಾಯಿತಿ ಇದೆ. ಪದವಿ ಸಿಕ್ಕಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಸರಾಸರಿ ಅಂಕ 80ಕ್ಕಿಂತ ಕಡಿಮೆ ಇರಬಾರದು. ಇಂಟರ್ನ್‌ಶಿಪ್ ಗಡಿಬಿಡಿಯಲ್ಲಿ ಸೆಮಿಸ್ಟರ್ ಪರೀಕ್ಷೆ ಬಿಟ್ಟುಕೊಡಬೇಡಿ.